ಆ ಉಪ್ಪು ಯಾರದು

ಸಂಶಯ ನನ್ನ ಹುಟ್ಟುಗುಣ. ಗ್ರೋಸರಿಯಿಂದ ತಂದ ಹಾಲನ್ನು, ಡೇಟು ಮುಗಿಯದಿದ್ದರೂ, ಮೂಸಿ ನೋಡಿಯೇ ಕಾಫಿಗೆ ಹಾಕುವವನು ನಾನು. ಹಾಗಾಗಿ ಮಗಳ ಲ್ಯಾಟಿನ್ ಟೀಚರಿಂದ ಈಮೇಲು ಬಂದಾಗ ನಾನು ಮಗಳ ಪರ ನಿಲ್ಲಲಿಲ್ಲ.

ಕ್ಲಾಸಿನಲ್ಲಿ ಅವರು ಓದುತ್ತಿದ್ದುದು ಪುರಾತನ ರೋಮಿನ ಒಂದು ಮಹಾಕಾವ್ಯ. ಹೊತ್ತಿ ಉರಿಯುವ ಪಟ್ಟಣದಿಂದ ಮಗನೊಬ್ಬ ಮುದಿ ತಂದೆಯನ್ನು ಹೆಗಲ ಮೇಲೆ ಹೊತ್ತು ಪಾರಾಗುತ್ತಾನಂತೆ. ಆಮೇಲಿನ ಕವಿಗಳೆಲ್ಲ ಆ ದೃಶ್ಯವನ್ನು ಎತ್ತಿಕೊಂಡು ತಮ್ಮದು ಮಾಡಿಕೊಂಡರಂತೆ. ನೀವೂ ಹಾಗೇ ಒಂದು ಪದ್ಯ ಬರೆಯಿರಿ ಎಂಬುದು ಹೋಂವರ್ಕು. ಕದಿಯಲು ಹೇಳಿ ಆಮೇಲೆ ಕಳ್ಳರನ್ನು ಹುಡುಕುವ ಟೀಚರ ಮೇಲೂ ನನಗೆ ಅನುಮಾನವೇ.

ಮಗಳು ನಮ್ಮ ಕಡೆಯ ಕಾಳ್ಗಿಚ್ಚಿನ ಬಗ್ಗೆ ಇಂಗ್ಲಿಷಿನಲ್ಲಿ ಬರೆದಿದ್ದಳು. ನಾವಿರುವ ಪ್ಲೆಸೆಂಟನ್ನಿನ ಗುಡ್ಡ ಉರಿಯುತ್ತಿದೆ, ಫ್ರೀವೇ ಮುಚ್ಚಿದೆ, ಹುಡುಗಿಯೊಬ್ಬಳು ಅಪ್ಪನನ್ನು ‘ಸ್ಯಾಕ್ ಆಫ್ ಸಾಲ್ಟ್’ನಂತೆ ಬೆನ್ನ ಮೇಲೆ ಹೊತ್ತು ನಡೆಯುತ್ತಾಳೆ. ಟೀಚರ ತಕರಾರು ಆ ಉಪ್ಪಿನದು. ಮೂಲದಲ್ಲಿ ಉಪ್ಪಿಲ್ಲ, ಇದು ಪಳಗಿದ ಕೈಯ ಉಪಮೆ, ಎಲ್ಲಿಂದ ತೆಗೆದದ್ದೆಂದು ಹೇಳದಿದ್ದರೆ ಕಾಪಿ ಎಂದೇ ಸೊನ್ನೆ ಕೊಡಬೇಕಾಗುತ್ತದೆ ಎಂದು ಬರೆದಿದ್ದರು.

ನನಗೂ ಹಾಗೇ ಅನ್ನಿಸಿತು. ಈ ಹುಡುಗಿಗೆ ಉಪ್ಪೆಂದರೆ ಊಟದ ಮೇಜಿನ ಡಬ್ಬಿ. ಉಪ್ಪಿನ ಚೀಲವನ್ನು ಎಲ್ಲಿ ಕಂಡಳು? ಲೈಬ್ರರಿಯಿಂದ ಆ ಕಾವ್ಯದ ಅನುವಾದಗಳನ್ನು ತಂದು ಭಾನುವಾರವೆಲ್ಲ ತಡಕಾಡಿದೆ. ಆಮೇಲಿನ ಕವಿಗಳನ್ನೂ ಬಿಡಲಿಲ್ಲ. ಒಬ್ಬನ ಹೆಗಲಿನಿಂದ ಇನ್ನೊಬ್ಬನ ಹೆಗಲಿಗೆ ಆ ಮುದುಕ ದಾಟುತ್ತಲೇ ಇದ್ದಾನೆ, ಉಪ್ಪು ಮಾತ್ರ ಎಲ್ಲೂ ಇಲ್ಲ. ಸಮಾಧಾನವಾಗಬೇಕಿತ್ತು, ಅನುಮಾನ ಇನ್ನೂ ಬಲಿಯಿತು. ಕಂಪ್ಯೂಟರೇ ಬರೆದುಕೊಟ್ಟಿರಬೇಕು ಎಂದುಕೊಂಡೆ.

ಊಟಕ್ಕೆ ಕೂತಾಗ ಕೇಳಿಯೇಬಿಟ್ಟೆ. “ನಿಜ ಹೇಳು, ಆ ಸಾಲ್ಟ್ ಲೈನು ಯಾರ್ದು?”

ಅವಳು ಚಮಚ ಕೆಳಗಿಟ್ಟಳು. “ನಿಂದು.”

“ನಂದಾ?”

“ಇಟ್ಸ್ ಯೂ, ಅಪ್ಪಾ. ಡೇಕೇರಿಂದ ಕಾರ್ ತನಕ, ಎವ್ರಿ ಡೇ. ‘ಉಪ್ಪಿನ್ ಮೂಟೆ ಬೇಕಾ, ಉಪ್ಪಿನ್ ಮೂಟೆ’ ಅಂತ ಕೂಗ್ತಾ ನನ್ನ ಹೊತ್ಕೊಂಡ್ ಹೋಗ್ತಿದ್ದೆ.”

ಮಗುವನ್ನು ಬೆನ್ನ ಮೇಲೆ ಹೊರುವುದಕ್ಕೆ ನಮ್ಮ ಮಂಡ್ಯದ ಮನೆಯಲ್ಲಿ ಅನ್ನುವುದೇ ಹಾಗೆ. ಅದು ಆಟದ ಹೆಸರು, ಉಪಮೆಯೆಂದು ನನಗೆ ಯಾವತ್ತೂ ಹೊಳೆದಿರಲಿಲ್ಲ. ಇಂಗ್ಲಿಷಿನಲ್ಲಿ ಕಂಡಾಗ ಗುರುತೂ ಸಿಗಲಿಲ್ಲ. ನನಗೆ ತುಂಬಾ ನಾಚಿಕೆಯಾಯಿತು. ಟೀಚರಿಗೆ ಈಗಲೇ ಬರೆಯುತ್ತೇನೆ ಎಂದು ಫೋನು ಕೈಗೆತ್ತಿಕೊಂಡೆ.

“ಬರಿ,” ಎಂದಳು. “ಟೀಚರ್ ಡೌಟ್ ಪಟ್ರೆ ಇಟ್ಸ್ ಫೈನ್. ಬಟ್ ಆ ಪೋಯಮ್‌ನಲ್ಲಿ ನಾನು ಹೊತ್ಕೊಂಡಿರೋದು ನಿನ್ನನ್ನ. ಅದು ನಿಂಗೆ ಕಾಣ್ಲೇ ಇಲ್ವಾ?”