ಎರಡು ತೂತಿನ ಆಪರೇಷನ್

ಮಸಗುಪ್ಪಿಯ ಸಾಲೆಯಲ್ಲಿ ಮಕ್ಕಳಿಗೆ ಖೋ ಖೋ ಕಲಿಸುವಾಗ ತಟ್ಟನೆ ತಿರುಗಿದೆ. ಬಲ ಮೊಣಕಾಲಿನೊಳಗೆ ಎಲುಬುಗಳ ನಡುವಿನ ಮೆತ್ತನೆಯ ಗಾದಿ ಹರಿಯಿತು. ಗೋಕಾಕದ ಡಾಕ್ಟರು ಕಾಲು ಕೊಯ್ಯಲಿಲ್ಲ. ಎರಡು ಸಣ್ಣ ತೂತು ಮಾಡಿ, ಒಂದರಿಂದ ದುರ್ಬೀನು, ಇನ್ನೊಂದರಿಂದ ಕತ್ತರಿ ಇಳಿಸಿ ಹರಿದ ಚೂರನ್ನು ತೆಗೆದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರಿಂದ ನನಗೆ ಎಚ್ಚರವಿತ್ತು. ನನ್ನದೇ ಕೀಲಿನೊಳಗೆ ಹತ್ತಿಯಂಥದ್ದೇನೋ ನೀರಲ್ಲಿ ತೇಲುವುದನ್ನು ಪರದೆಯ ಮೇಲೆ ನೋಡಿದೆ. ಕಾಲು ಮಾತ್ರ ನನ್ನದಾಗಿರಲಿಲ್ಲ.

ಮನೆಗೆ ಬಂದ ಮೇಲೆ ಮಂಡಿ ಎಷ್ಟು ಬಾಗಿತೆಂದು ದಿನಾಲೂ ತಾರೀಖು ಹಾಕಿ ಬರೆದಿಡುತ್ತಿದ್ದೆ. ಹುಕ್ಕೇರಿಯ ಸಂಬಂಧ ಹೆಚ್ಚುಕಡಿಮೆ ಗಟ್ಟಿಯಾಗಿತ್ತು. ಹುಡುಗ ನನ್ನ ಮನಸ್ಸಿಗೂ ಬಂದಿದ್ದ. ಮದುವೆಯ ಹೊತ್ತಿಗೆ ನೆಟ್ಟಗೆ ನಡೆಯಬೇಕಿತ್ತು.

ಅಷ್ಟರಲ್ಲಿ ಅಪ್ಪನ ತಂಗಿ, ನಮ್ಮ ಅತ್ತೆ, ಮೂಡಲಗಿ ಸಂತೆಯಲ್ಲಿ, "ನಮ್ಮ ಹುಡುಗಿಗೆ ದುರ್ಬೀನ್ ಆಪರೇಷನ್ ಆತ್ರಿ" ಅಂದುಬಿಟ್ಟಳು. ನಮ್ಮ ಕಡೆ ಹೆಂಗಸಿಗೆ 'ಆಪರೇಷನ್ ಆಗೈತಿ' ಅಂದರೆ ಒಂದೇ ಅರ್ಥ: ಇನ್ನು ಮಕ್ಕಳಾಗುವುದಿಲ್ಲ. ಅದನ್ನೂ ಹೊಟ್ಟೆಗೆ ತೂತು ಮಾಡಿ ದುರ್ಬೀನಿನಲ್ಲೇ ಮಾಡುತ್ತಾರೆ. ನಾನಿನ್ನೂ ಕೋಲು ಹಿಡಿದು ನಡೆಯುತ್ತಿದ್ದೆ, ಮಾತು ಹುಕ್ಕೇರಿ ಮುಟ್ಟಿತ್ತು.

ಹುಡುಗನ ದೊಡ್ಡವ್ವ ಫೋನ್ ಮಾಡಿದರು.

"ಮದವಿಗಿಂತ ಮೊದಲ ಆಪರೇಷನ್ ಯಾಕ ಮಾಡಿಸಿದ್ರಿ?"

"ಅಯ್ಯ, ಅದಲ್ರೀ ಯಕ್ಕಾ! ಮೊಣಕಾಲಿಂದು!" ಎಂದಳು ಅವ್ವ.

ಆ ಕಡೆಯಿಂದ ಇನ್ನೊಂದು ಪ್ರಶ್ನೆ ಬಂತು. "ಅಂದ್ರ, ಹುಡುಗಿ ಕುಂಟತಾಳೇನ್ರಿ?"

ಅತ್ತೆ ನನ್ನ ಮೇಲೇ ಹರಿಹಾಯ್ದಳು. "ಮಕ್ಕಳ ಜೋಡಿ ನೀನೂ ಓಡಬೇಕಾಗಿತ್ತೇನ? ಸೀಟಿ ಊದಿದ್ರ ಸಾಕಾಗ್ತಿದ್ದಿಲ್ಲ?"

ಐತವಾರ ದೊಡ್ಡವ್ವ ಬಂದರು. ಗೋಡೆ ಹಿಡಿಯದೆ ಪಡಸಾಲೆ ದಾಟಿ ಚಹಾ ಕೊಟ್ಟೆ. ಕಾಲಿಗೆ ಬೀಳಲು ಮಂಡಿ ಬಾಗಲಿಲ್ಲ, ನಿಂತೇ ಕೈಮುಗಿದೆ. ಕೇಳುವ ಮೊದಲೇ ಸೀರೆ ಮೇಲೆತ್ತಿ ತೋರಿಸಿದೆ: ಮೊಣಕಾಲಿನ ಚಿಪ್ಪಿನ ಆಚೆಗೊಂದು, ಈಚೆಗೊಂದು, ಮೆಣಸಿನಕಾಳಿನಷ್ಟು ಕಲೆ.

ಅವರು ಬೆರಳಿನಿಂದ ಮುಟ್ಟಿ ನೋಡಿದರು. "ಇಷ್ಟ ಏನ? ಖರೆ?"

"ಖರೇನ ರೀ."

ಅವರ ಕಣ್ಣು ಮೇಲೇರಿ ನನ್ನ ಹೊಟ್ಟೆಯ ಮೇಲೆ ನಿಂತಿತು. "ತಪ್ಪ ತಿಳ್ಕೋಬ್ಯಾಡವ್ವಾ. ಮಂದಿ ಬಾಯಿ ಮುಚ್ಚಬೇಕಲ್ಲ."

ಅವ್ವನ ಕಡೆ ನೋಡಿದೆ. ಆಸ್ಪತ್ರೆಯ ಫೈಲನ್ನು ಎದೆಗವಚಿಕೊಂಡು ನಿಂತಿದ್ದಳು. ಯಾರೂ ಕೇಳದ ಆ ಫೈಲನ್ನು ಮೆಲ್ಲಗೆ ಕೆಳಗಿಟ್ಟಳು.

"ಹೋಗವ್ವಾ," ಎಂದಳು. "ಒಳಗ ಕರಕೊಂಡ ಹೋಗಿ ತೋರಿಸಿ ಬಾ."

ಹೊರಟೆ. ಈ ಸಲ ಗೋಡೆ ಹಿಡಿದುಕೊಂಡೆ.