ಉದುರುಗಾಯಿಯ ರಾಶಿ

ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಗಂಡ ಮೊದಲ ಸಲ ಸಾರು ಚೆನ್ನಾಗಿದೆ ಎಂದಾಗ ಗುರುಶಾಂತಮ್ಮನಿಗೆ ಸಂತೋಷವಾಗಲಿಲ್ಲ, ಅನುಮಾನವಾಯಿತು. ಸೌಟು ಹಿಡಿದವಳು ಹಾಗೇ ನಿಂತು ಅವನ ಮುಖ ನೋಡಿದಳು. ಅವನು ತಟ್ಟೆ ನೋಡುತ್ತಿದ್ದ.

ಅದು ಎಪ್ಪತ್ತೊಂಬತ್ತರ ಬೇಸಿಗೆ. ನೊಣವಿನಕೆರೆಗೆ ಎರಡು ಮೈಲಿ ದೂರದ ಹಳ್ಳಿ. ಗಂಡ ತೋಂಟದಾರ್ಯ ಕೊಬ್ಬರಿ ಲಾರಿಯ ಜೊತೆ ಇಂದೋರಿಗೆ ಹೋಗಿ ಇಪ್ಪತ್ತು ದಿನದ ಮೇಲೆ ಬಂದಿದ್ದ. ಅಲ್ಲಿ ತಮ್ಮ ಕಡೆಯವರೇ ಆದ ಮಲ್ಲಿಕಾರ್ಜುನಯ್ಯನವರ ಕೊಬ್ಬರಿ ಮಂಡಿ ಇತ್ತು. ಅವರ ಉಗ್ರಾಣ ನೋಡಿಕೊಳ್ಳುವ ಕೆಲಸ, ಇರುವುದಕ್ಕೆ ಮನೆ. ತೋಟವನ್ನು ಅಣ್ಣನಿಗೆ ಗುತ್ತಿಗೆ ಕೊಟ್ಟು, ಮನೆ ಖಾಲಿ ಮಾಡಿ, ಮುಂದಿನ ಲಾರಿಯಲ್ಲೇ ಎಲ್ಲರೂ ಹೊರಡುವುದು ಎಂದು ತೀರ್ಮಾನವಾಗಿಹೋಗಿತ್ತು. ತೀರ್ಮಾನ ಮಾಡಿದವನು ತೋಂಟದಾರ್ಯ. ಎಲ್ಲರೂ ಎಂದರೆ ಅವನು, ಗುರುಶಾಂತಮ್ಮ ಮತ್ತು ಏಳನೇ ಕ್ಲಾಸು ಪಾಸಾಗಿದ್ದ ಮಗಳು ಸರ್ವಮಂಗಳ.

"ಅಲ್ಲಿ ನಲ್ಲಿ ತಿರುಗಿಸಿದ್ರೆ ನೀರು ಕಣೇ. ಮಟ್ಟೆ ಗರಿ ಹೊರೋ ಹಾಗಿಲ್ಲ, ಕಾಯಿ ಸುಲಿಯೋ ಹಾಗಿಲ್ಲ. ಆರಾಮಾಗಿ ಕೂತ್ಕಂಡಿರ್ತೀಯ."

"ಆರಾಮಾಗಿ ಕೂತ್ಕಂಡು ಏನ್ ಮಾಡ್ಲಿ?" ಎಂದಳು ಅವಳು.

ತೋಂಟದಾರ್ಯ ಸೈಕಲ್ಲು ಒರೆಸಲು ಎದ್ದುಹೋದ.

ಮಾರನೆಯ ದಿನದಿಂದ ಸಾಮಾನು ಕೊಡುವುದು ಶುರುವಾಯಿತು. ಲಾರಿಯಲ್ಲಿ ಜಾಗವಿಲ್ಲ, ಆರು ದಿನದ ದಾರಿ, ಭಾರ ಕಡಿಮೆ ಮಾಡಬೇಕು. ಒರಳು ವಾರಗಿತ್ತಿಯ ಮನೆ ಸೇರಿತು. ಬೀಸುಕಲ್ಲು, ಎರಡು ಹಿತ್ತಾಳೆ ಬೋಗುಣಿ, ಮುದ್ದೆ ತಿರುವುವ ಸಣ್ಣ ಪಾತ್ರೆ ಒಂದೊಂದಾಗಿ ಹೊಸಲು ದಾಟಿದವು. ತವರಿನಿಂದ ತಂದ ಈಳಿಗೆಮಣೆಯನ್ನು ಕಾಯಿ ಸುಲಿಯಲು ಬರುತ್ತಿದ್ದ ಭೈರಮ್ಮನಿಗೆ ತಾನೇ ಎತ್ತಿ ಕೊಟ್ಟಳು. ಕೊಟ್ಟ ಮೇಲೆ ಕೈಗೆ ಕೆಲಸವಿಲ್ಲದಂತಾಗಿ ಸೆರಗಿನ ತುದಿಯನ್ನು ಸುಮ್ಮನೆ ಸುತ್ತುತ್ತ ನಿಂತಳು. ರೇಡಿಯೋ, ಸೈಕಲ್ಲು, ಮಡಿಸುವ ಕುರ್ಚಿಗೆ ಮಾತ್ರ ಲಾರಿಯಲ್ಲಿ ಜಾಗವಿತ್ತು. ಗುರುಶಾಂತಮ್ಮ ಅದನ್ನು ಲೆಕ್ಕ ಹಾಕಿಟ್ಟುಕೊಂಡಳು.

"ಅಲ್ಲೇನಾದ್ರೂ ಇನ್ನೊಬ್ಳವ್ಳೇನೋ ನೋಡಕ್ಕಾ," ಎಂದಳು ಭೈರಮ್ಮ, ಎಲೆ ಅಡಿಕೆ ಮೆಲ್ಲುತ್ತ. "ಪಾತ್ರೆ ಪರಡಿ ಬ್ಯಾಡ ಅಂದ್ರೆ ಅಲ್ಲಿ ಒಲೆ ಆಗ್ಲೇ ಉರೀತಾ ಐತೆ ಅಂತ ತಾನೆ?"

"ಈ ಮುಖಕ್ಕೆ ಇನ್ನೊಬ್ಳು ಬೇರೆ," ಎಂದು ಗುರುಶಾಂತಮ್ಮ ನಕ್ಕಳು. ಆದರೆ ಒಲೆಯ ಮಾತು ತಲೆಯೊಳಗೆ ಉಳಿಯಿತು.

ಅವಳ ಅನುಮಾನಕ್ಕೆ ಕಸುಬಿನ ಹಿನ್ನೆಲೆಯಿತ್ತು. ಅವರ ಸೀಮೆಯಲ್ಲಿ ಉಂಡೆ ಕೊಬ್ಬರಿ ಆಗಬೇಕಾದರೆ ಇಡೀ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಬಿಡಬೇಕು. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಾಗ ನೀರು ಗುಳುಗುಳು ಎಂದರೆ ಹಸಿ, ಒಳಗೆ ಉಂಡೆ ಲೊಟಲೊಟ ಎಂದರೆ ಒಣಗಿದೆ. ಇವೆರಡರ ನಡುವೆ ಕಾಯಿ ಒಂದಷ್ಟು ಕಾಲ ಏನೂ ಹೇಳುವುದಿಲ್ಲ. ನೀರು ಇಂಗಿರುತ್ತದೆ, ಕೊಬ್ಬರಿ ಚಿಪ್ಪು ಬಿಟ್ಟಿರುವುದಿಲ್ಲ. ಆಗ ಒಡೆದರೆ ಹೋಳು ಹೋಳಾಗಿ ಕೆಟ್ಟುಹೋಗುತ್ತದೆ. ಅತ್ತೆಯಿಂದ ಈ ಕಿವಿ ಅವಳಿಗೆ ಬಂದಿತ್ತು. ಗಂಡಸರು ಪೇಟೆಯ ಧಾರಣೆ ಬಲ್ಲರು, ಅಟ್ಟ ಹತ್ತಿ ಕಾಯಿಯ ಮಾತು ಕೇಳುವ ಕೆಲಸ ಹೆಂಗಸರದು. ಇಂದೋರಿನಿಂದ ಬಂದ ಗಂಡ ಅವಳಿಗೆ ಈ ಸದ್ದಿಲ್ಲದ ಕಾಯಿಯ ಹಾಗೆ ಕಾಣುತ್ತಿದ್ದ.

ಅವರ ಮನೆಯಲ್ಲಿ ಇನ್ನೊಂದು ಪದ್ಧತಿಯಿತ್ತು. ಕೊಯ್ಲಿನ ಕಾಯಿ ಮನೆಯದು, ತಾನಾಗಿ ಉದುರಿದ ಕಾಯಿ ಬೆಳಿಗ್ಗೆ ಎದ್ದು ಆಯ್ದುಕೊಂಡ ಹೆಂಗಸಿನದು. ಹಾಗೆ ಆಯ್ದು ಅಟ್ಟದ ಮೂಲೆಯಲ್ಲಿ ಅವಳು ಬೇರೆ ರಾಶಿ ಹಾಕಿದ್ದಳು, ಸರ್ವಮಂಗಳನ ಹೈಸ್ಕೂಲಿಗೆ ಎಂದು. ಹೊರಡುವ ಮುಂಚೆ ಅದನ್ನೂ ಮಾರಿಬಿಡು ಎಂದು ತೋಂಟದಾರ್ಯ ದಿನವೂ ಹೇಳುತ್ತಿದ್ದ. ಅವಳು ದಿನವೂ ಹೂಂ ಎನ್ನುತ್ತಿದ್ದಳು.

ಒಂದು ಮಧ್ಯಾಹ್ನ ಉಣ್ಣುತ್ತ ಅವನು ಕೇಳಿದ: "ಹದಿನಾಲ್ಕು ಜನಕ್ಕೆ ಮುದ್ದೆ ಮಾಡ್ಬೇಕು ಅಂದ್ರೆ ಎಷ್ಟು ಸೇರು ಹಿಟ್ಟು ಬೇಕಾಗುತ್ತೆ?"

"ಯಾರ ಮನೆ ಮದುವೆ?"

"ಸುಮ್ನೆ ಕೇಳ್ದೆ ಕಣೇ. ಎಲ್ಲಕ್ಕೂ ಅನುಮಾನ ನಿಂದು."

ಸುಮ್ಮನೆ ಕೇಳುವ ಗಂಡಸಲ್ಲ ಅವನು. ಹದಿನಾಲ್ಕು ವರ್ಷದಲ್ಲಿ ಡಬ್ಬಿಯಲ್ಲಿ ಹಿಟ್ಟು ಇದೆಯೇ ಎಂದೂ ಕೇಳಿದವನಲ್ಲ.

ಮಾರನೆಯ ದಿನ ಒಗೆಯಲು ಹಾಕಿದ ಅಂಗಿಯ ಜೇಬಿನಲ್ಲಿ ಒಂದು ಇನ್‌ಲ್ಯಾಂಡ್ ಕಾಗದ ಸಿಕ್ಕಿತು. ಗುರುಶಾಂತಮ್ಮನಿಗೆ ತನ್ನ ಹೆಸರು ಬರೆಯುವಷ್ಟು ಬರುತ್ತಿತ್ತು, ಕಾಗದ ಓದುವಷ್ಟು ಬರುತ್ತಿರಲಿಲ್ಲ. ಒಗೆಯುವ ಕಲ್ಲಿನ ಪಕ್ಕ ಮಗಳನ್ನು ಕೂರಿಸಿಕೊಂಡು ಓದಿಸಿದಳು. ಇಂದೋರಿನಿಂದ ಮಲ್ಲಿಕಾರ್ಜುನಯ್ಯನವರು ಬರೆದದ್ದು.

"'ನಮ್ಮ ಕಡೆಯ ಹದಿನಾಲ್ಕು ಜನ ಹಮಾಲರಿಗೆ ಇಲ್ಲಿಯ ಊಟ ಹಿಡಿಸುವುದಿಲ್ಲ. ನಿಮ್ಮ ಮನೆಯವರು ಎರಡು ಹೊತ್ತೂ ಮಾಡಿ ಹಾಕುತ್ತಾರೆಂದು ತಾವು ಒಪ್ಪಿದ್ದರಿಂದ ಸಂಬಳದ ಅಡುಗೆಯವನನ್ನು ಬಿಡಿಸುತ್ತಿದ್ದೇವೆ. ಮನೆಗೆ ಬಾಡಿಗೆ ಇಲ್ಲ. ದೊಡ್ಡ ಪಾತ್ರೆಗಳು ಇಲ್ಲಿವೆ, ಸಣ್ಣವನ್ನು ಹೊತ್ತು ತರಬೇಡಿ...'"

ಸರ್ವಮಂಗಳ ನಿಲ್ಲಿಸಿದಳು.

"ಮುಂದಕ್ಕೆ ಓದೇ."

"'ಮಗಳೂ ದೊಡ್ಡವಳಾಗಿದ್ದಾಳೆ, ಕೈಗೆ ಬರುತ್ತಾಳೆ ಎಂದಿದ್ದೀರಿ. ಆದ್ದರಿಂದ ಬೇರೆ ಆಳು ಬೇಕಾಗುವುದಿಲ್ಲ.'"

ಹುಡುಗಿ ಕಾಗದವನ್ನು ಮೊದಲಿದ್ದ ಹಾಗೆಯೇ ಮಡಿಸಿದಳು. "ಅಮ್ಮ, ಅಲ್ಲಿ ಸ್ಕೂಲಿಗೆ ಹಾಕ್ತೀನಿ ಅಂದಿದ್ರಲ್ಲ ಅಪ್ಪಾಜಿ? ಹಿಂದಿ ಪುಸ್ತಕ ಆಗ್ಲೇ ತೆಗ್ದಿಟ್ಕಂಡಿದೀನಿ."

ಗುರುಶಾಂತಮ್ಮ ಅಂಗಿಯನ್ನು ನೀರಿನಲ್ಲಿ ಅದ್ದಿ ಕಲ್ಲಿಗೆ ಬಡಿದಳು. ಇನ್ನೊಬ್ಬ ಹೆಂಗಸು ಇದ್ದಾಳೆಂದು ಹೆದರಿದ್ದಳಲ್ಲ, ಇದ್ದಳು. ಆ ಹೆಂಗಸು ತಾನೇ. ಇಂದೋರಿನ ಒಲೆಯ ಮುಂದೆ ಅವಳನ್ನು ಆಗಲೇ ಕೂರಿಸಿಯಾಗಿತ್ತು, ಪಕ್ಕದಲ್ಲಿ ಮಗಳನ್ನೂ.

ಆ ಸಂಜೆ ಅಟ್ಟದ ಮೇಲೆ ಕತ್ತಿಯ ಸದ್ದು ಕೇಳಿತು. ಏಣಿ ಹತ್ತಿ ನೋಡಿದರೆ ತೋಂಟದಾರ್ಯ ಅವಳ ರಾಶಿಯ ಮುಂದೆ ಕೂತಿದ್ದ. ಕಾಯಿ ಆಗಿವೆ ಎಂದು ವ್ಯಾಪಾರಿಗೆ ತೋರಿಸಲು ಮೂರನ್ನು ಸುಲಿದು ಒಡೆದಿದ್ದ. ಮೂರೂ ಹೋಳಾಗಿ ಚಿಪ್ಪಿಗೇ ಕಚ್ಚಿಕೊಂಡಿದ್ದವು. ಊರೂರಿಗೆ ಕೊಬ್ಬರಿ ಮಾರಿದ ಗಂಡಸು ಆ ಹೋಳುಗಳನ್ನು ಹಿಡಿದು ಪೆಚ್ಚಾಗಿ ಕೂತಿದ್ದ.

"ಅಲ್ಲಾಡಿಸಿ ನೋಡಿದ್ರಾ?"

"ನೀರಿನ ಸದ್ದು ಬರ್ಲಿಲ್ಲ. ಅದಕ್ಕೆ ಒಣಗವೆ ಅಂದ್ಕಂಡೆ."

"ಬಾಯಿ ಮುಚ್ಕಂಡವೆ ಅಂದ್ರೆ ಒಪ್ಕಂಡವೆ ಅಂತ ಅಲ್ಲ ಕಣ್ರೀ." ಅವಳು ಕತ್ತಿಯನ್ನು ಅವನ ಕೈಯಿಂದ ತೆಗೆದುಕೊಂಡಳು. "ಹೋಗ್ಲಿ, ಆ ಅಡುಗೆಯವನಿಗೆ ಏನ್ ಸಂಬಳ ಕೊಡ್ತಿದ್ರು?"

ತೋಂಟದಾರ್ಯ ಬೆಚ್ಚಿದ. "ಯಾವ ಅಡುಗೆಯವನು?"

"ಬಿಡಿಸ್ತಾವ್ರಲ್ಲ, ಅವನು."

"ಕಾಗದ ನೋಡಿದ್ಯಾ? ಅಯ್ಯೋ, ಹೇಳೋಣ ಅಂತಿದ್ದೆ ಕಣೇ. ಹೆಂಗೂ ಮೂರು ಜನಕ್ಕೆ ಮಾಡ್ತೀಯ. ಅದ್ರ ಜೊತೆಗೇ ಇನ್ನೊಂದಿಷ್ಟು ಎಸರಿಟ್ರಾಯ್ತು."

"ಅಡುಗೆಯವನೂ ಹಂಗೇ ಅಂತಿದ್ನಾ? ಹೆಂಗೂ ನಂಗೆ ಮಾಡ್ಕಂತೀನಿ, ನಿಮ್ಗೂ ಹಾಕ್ತೀನಿ ಅಂತ?"

ಅವನು ಮಾತಾಡಲಿಲ್ಲ. ಆ ಮೌನದ ಮೇಲೆ ಕಿವಿಯಿಟ್ಟು ಅವಳು ಸ್ವಲ್ಪ ಹೊತ್ತು ಕಾದಳು. ಆಮೇಲೆ ಇಳಿದು, ಸೀದಾ ಭೈರಮ್ಮನ ಮನೆಗೆ ಹೋದಳು.

"ನನ್ನ ಈಳಿಗೆಮಣೆ ಕೊಡೇ."

ಭೈರಮ್ಮ ಬಾಯಿಬಿಟ್ಟಳು. "ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರಾ ಅಕ್ಕಾ? ಊರೋರು ಏನಂತಾರೆ?"

"ಕೇಳ್ತಾರೆ ಅಂತ ಅಂತಾರೆ. ಕೊಡು."

ಭೈರಮ್ಮ ಅದರ ಮೇಲಿನ ಈರುಳ್ಳಿ ಸಿಪ್ಪೆ ಕೊಡವಿ, ಮಣೆಯನ್ನು ತಾನೇ ಕಂಕುಳಲ್ಲಿ ಇಟ್ಟುಕೊಂಡು ಹೊರಟಳು. "ನಡಿ. ಒರಳಿಗೂ ನಾನೇ ಬತ್ತೀನಿ. ಅದು ನಿನ್ನೊಬ್ಬಳ ಕೈಲಿ ಆಗೋದಲ್ಲ." ಇಬ್ಬರೂ ಸೇರಿ ಒರಳನ್ನು ಬೀದಿಯುದ್ದಕ್ಕೂ ಉರುಳಿಸಿಕೊಂಡು ಬರುವುದನ್ನು ಊರು ಜಗಲಿಯ ಮೇಲೆ ನಿಂತು ನೋಡಿತು.

ಲಾರಿ ಬಂದ ದಿನ ಗುರುಶಾಂತಮ್ಮ ಗಂಡನಿಗೆ ಬುತ್ತಿ ಕಟ್ಟಿಕೊಟ್ಟಳು. ಅವಳ ಬಟ್ಟೆಯ ಗಂಟು ಮಾತ್ರ ಬಾಗಿಲಿಗೆ ಬರಲಿಲ್ಲ.

"ನೀವು ಹೋಗಿರಿ. ಅಡುಗೆಯವನ ಸಂಬಳ ನನ್ನ ಹೆಸರಿಗೆ, ಕೈಗೊಬ್ಬ ಆಳು, ಇವಳಿಗೆ ಸ್ಕೂಲು. ಮೂರೂ ಬರೆದು ಅವರು ರುಜು ಹಾಕಿ ಕಳಿಸ್ಲಿ. ಅಷ್ಟೊತ್ತಿಗೆ ನನ್ನ ಕಾಯೂ ಆಗ್ತವೆ. ಆಮೇಲೆ ಬತ್ತೀವಿ."

"ಬರ್ದೇ ಇದ್ರೆ?"

"ಇಲ್ಲಿ ಹೈಸ್ಕೂಲು ಐತೆ. ತೋಟ ಗುತ್ತಿಗೆಗೆ ಹೋದ್ರೂ ಕಾಯಿ ಉದುರೋದು ನಿಲ್ಲಲ್ಲ."

ಡ್ರೈವರು ಹಾರನ್ ಒತ್ತಿದ. ತೋಂಟದಾರ್ಯ ರೇಡಿಯೋ ಎತ್ತಿಕೊಂಡಾಗ, "ಅದು ಇಲ್ಲೇ ಇರ್ಲಿ, ಲಾರೀಲಿ ಜಾಗ ಇಲ್ಲ," ಎಂದಳು. ಅವನು ಇಳಿಸಿದ.

ಮೇ ಕಳೆದು, ಜೂನಿನಲ್ಲಿ ಸರ್ವಮಂಗಳ ನೊಣವಿನಕೆರೆಯ ಹೈಸ್ಕೂಲಿಗೆ ನಡೆದು ಹೋಗತೊಡಗಿದಳು. ಗಂಡನಿಂದ ಎರಡು ಕಾಗದ ಬಂದವು, ಎರಡರಲ್ಲೂ ಹೊಟ್ಟೆ ಕೆಟ್ಟ ಸುದ್ದಿ. ಮೂರನೆಯದು ಆಷಾಢದಲ್ಲಿ, ಮಂಡಿಯ ಕಾಗದದಲ್ಲೇ ಬಂತು. ಮಗಳು ಓದಿದಳು. ಸಂಬಳ, ಆಳು, ಸ್ಕೂಲು, ಮೂರೂ ಇದ್ದವು.

"ಇನ್ನೊಂದ್ಸಲ ಓದು."

ಓದಿದಳು.

"ಸಂಬಳ ಯಾರ ಹೆಸರಿಗೆ ಅಂತ ಬರೆದವ್ರೆ?"

"ಶ್ರೀಮತಿ ಗುರುಶಾಂತಮ್ಮನವರಿಗೆ ಅಂತ. ಕೆಳಗೆ ರುಜು ಇದೆ. ಹೊರಡೋಣ್ವಾಮ್ಮಾ?"

ಗುರುಶಾಂತಮ್ಮ ತನ್ನ ಹೆಸರಿದ್ದ ಜಾಗವನ್ನು ಮಗಳ ಬೆರಳು ಹಿಡಿದು ತೋರಿಸಿಕೊಂಡಳು. ಮಾಡಬಹುದಾದಷ್ಟು ಅನುಮಾನ ಮಾಡಿದಳು. ಆಮೇಲೆ ಏಣಿ ಹತ್ತಿ, ರಾಶಿಯಿಂದ ಒಂದು ಕಾಯಿ ತೆಗೆದು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದಳು. ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ತೆಗೆದಳು. ಮತ್ತೊಂದು.

"ಭೈರಮ್ಮನ್ನ ಕರಿ," ಎಂದು ಮೇಲಿನಿಂದ ಕೂಗಿದಳು. "ಸುಲಿಯೋಕೆ ಬರಕ್ಕೆ ಹೇಳು. ಆಮೇಲೆ ಹೊರಡೋದು. ಈಳಿಗೆಮಣೆ ಮಾತ್ರ ಈ ಸಲ ಯಾರಿಗೂ ಕೊಡಲ್ಲ."