ಜವರಯ್ಯನ ಉಡುದಾರ

ತಿ. ನರಸೀಪುರದ ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ಜವರಯ್ಯ ಇಪ್ಪತ್ತೊಂಬತ್ತು ವರ್ಷದಿಂದ ಗಾಜಿನ ಸ್ಲೈಡು ತೊಳೆಯುತ್ತಿದ್ದ. ತೊಳೆಯುವುದರಲ್ಲಿ ಅವನದು ಎತ್ತಿದ ಕೈ. ಆದರೆ ಒಂದು ಸಲವಾದರೂ ಮೈಕ್ರೋಸ್ಕೋಪಿಗೆ ಕಣ್ಣಿಟ್ಟವನಲ್ಲ. "ಓದ್ದೋರ ಕೆಲ್ಸಕ್ಕೆ ನಾವ್ಯಾಕ್ ಮೂಗು ತೂರ್ಸೋದು" ಅನ್ನುವ ಆಸಾಮಿ.

ಇಂಥವನ ಸೊಂಟಕ್ಕೇ ತುರಿ ಹತ್ತಿತು. ಉಡುದಾರದ ಉದ್ದಕ್ಕೂ ಕೆಂಪಗೆ ಬಳೆಯಾಕಾರದ ಕಲೆಗಳು. ಮೆಡಿಕಲ್ ಸ್ಟೋರಿನ ಟ್ಯೂಬು ಹಚ್ಚಿದರೆ ನಾಲ್ಕು ದಿನ ಮಾಯ, ಐದನೇ ದಿನಕ್ಕೆ ಇನ್ನೆರಡು ಬಳೆ ಜಾಸ್ತಿ. ಹೀಗೇ ಎರಡು ವರ್ಷ ಕೆರೆದುಕೊಂಡ. ಡಾಕ್ಟರು ನೋಡಿ, "ಹುಳುಕಡ್ಡಿ ಇದ್ದಂಗಿದೆ, ಟೆಸ್ಟ್ ಮಾಡ್ಸು. ಆ ಒದ್ದೆ ದಾರ ಮೊದ್ಲು ತೆಗಿ, ವಾಸಿಯಾಗೋವರ್ಗೂ ಏನೂ ಕಟ್ಬೇಡ" ಅಂದರು. ಜವರಯ್ಯ ಎರಡೂ ಕೈಯಲ್ಲಿ ದಾರ ಹಿಡಿದುಕೊಂಡ. ದಾರ ಸವೆದರೆ ಹೊಸದು ಕಟ್ಟಿಕೊಂಡ ಮೇಲೆಯೇ ಹಳೆಯದನ್ನು ಬಿಚ್ಚುವುದು ಅವನ ಮನೆತನದ ರೂಢಿ. ಗಂಡಸಿನ ಸೊಂಟ ಬರಿದಾಗುವುದು ಹೆಂಡತಿ ಸತ್ತ ದಿನ ಮಾತ್ರ. ಹೆಂಡತಿ ಕೆಂಪಾಜಮ್ಮ ಮನೆಯಲ್ಲಿ ಗುಂಡುಕಲ್ಲಿನ ಹಾಗಿದ್ದಾಳೆ! "ಇದು ಬೆವರಿನ ತುರಿ ಸಾ" ಅಂತ ಜಾರಿಕೊಂಡ.

ಜಾರಲಾಗದ ಹಾಗೆ ಮಾಡಿದ್ದು ಮೊಮ್ಮಗಳು. ತಗಡೂರಿಗೆ ಕೊಟ್ಟಿದ್ದ ಮಗಳು ನಂದಿತಾ ಮದುವೆಯಾದ ಒಂಬತ್ತನೇ ವರ್ಷಕ್ಕೆ ಹೆತ್ತು, ಬಾಣಂತನಕ್ಕೆ ತವರಿಗೆ ಬಂದಿದ್ದಳು. ಅವನು ಕೈ ಚಾಚಿದಾಗಲೆಲ್ಲ, "ನಿನ್ ತುರಿ ಏನೂಂತ ಗೊತ್ತಾಗೋ ತಂಕ ಬ್ಯಾಡ ಕಣಪ್ಪ" ಅಂತ ಕೂಸನ್ನು ಹಿಂದಕ್ಕೆಳೆದುಕೊಳ್ಳುವಳು. ಅವನು ಬಾಗಿಲಾಚೆ ನಿಂತು ನೋಡುವುದೇ ಆಯಿತು.

ಕೊನೆಗೆ ಲ್ಯಾಬ್ ಟೆಕ್ನಿಷಿಯನ್ ಶಾಲಿನಿಯ ಮುಂದೆ ಅಂಗಿ ಎತ್ತಿ ನಿಂತ. ಅವಳು ಕಲೆಯ ನಡುಭಾಗ ಬಿಟ್ಟು ಅಂಚಿನಲ್ಲಿ ಬ್ಲೇಡಿನಿಂದ ಮೆಲ್ಲಗೆ ಕೆರೆದು, ಉದುರಿದ ಹೊಟ್ಟನ್ನು ಒಂದು ಸ್ಲೈಡಿಗೆ ಹಾಕಿದಳು. ದಾರದ ಗಂಟಿಗೆ ಅಂಟಿದ್ದ ಹೊಟ್ಟನ್ನು ಇನ್ನೊಂದಕ್ಕೆ. ಎರಡಕ್ಕೂ ಒಂದೊಂದು ಹನಿ ಔಷಧಿ ನೀರು ಬಿಟ್ಟು ತೆಳು ಗಾಜು ಮುಚ್ಚಿದಳು. ಚರ್ಮ ಕರಗಿ ತಿಳಿಯಾಗಲು ಇಪ್ಪತ್ತು ನಿಮಿಷ ಬೇಕು. ಆಮೇಲೆ ತಾನು ನೋಡಿ, ಸ್ಟೂಲು ಬಿಟ್ಟು ಎದ್ದಳು.

"ಬನ್ನಿ ಜವರಣ್ಣ, ಇವತ್ತು ನೀವೇ ನೋಡ್ಬೇಕು."

ಮೊದಲು ಅವನಿಗೆ ಕಂಡದ್ದು ತನ್ನದೇ ರೆಪ್ಪೆ. ಕಣ್ಣು ಹೊಂದಿಕೊಂಡಾಗ ತಿಳಿಬೆಳಕಿನಲ್ಲಿ ಚಪ್ಪಡಿ ಹಾಸಿದ ಹಾಗೆ ಅವನ ಚರ್ಮ. ಅದರ ಮೇಲೆ ಅಡ್ಡಾದಿಡ್ಡಿ ಹರಿದ ಎಳೆಗಳು.

"ನನ್ ದಾರದ ನೂಲು ಕಣ್ ಮೇಡಮ್ಮೋರೆ."

"ನೂಲು ಎಲ್ಲಾದ್ರೂ ಕವಲೊಡೆಯುತ್ತಾ? ಕಬ್ಬಿಗಿದ್ದಂಗೆ ಗೆಣ್ಣಿದೆ ನೋಡಿ. ಇದು ಬೂಷ್ಟು, ಜೀವ ಇರೋದು. ನಿಮ್ ಚರ್ಮ ತಿಂದ್ಕೊಂಡು ಬೆಳೀತಿದೆ."

ದಾರದ ಸ್ಲೈಡಿನಲ್ಲೂ ಅದೇ ಎಳೆ, ಅದೇ ಗೆಣ್ಣು. ಜವರಯ್ಯ ಸ್ಟೂಲನ್ನು ಇನ್ನೂ ಹತ್ತಿರಕ್ಕೆಳೆದುಕೊಂಡ. ತನ್ನ ಸೊಂಟದ ಮೇಲೆ, ತನಗೇ ತಿಳಿಯದೆ, ಇಷ್ಟು ಚೆಂದವಾಗಿ ಒಂದು ಕಾಡು ಹಬ್ಬಿದೆಯಲ್ಲ! ಇಪ್ಪತ್ತೊಂಬತ್ತು ವರ್ಷ ಕೊಳೆ ಅಂತ ನಲ್ಲಿಯ ಕೆಳಗೆ ಉಜ್ಜಿ ಬಿಟ್ಟದ್ದು ಎಷ್ಟು ಜನರ ಮೈಮೇಲಿನ ಕಾಡುಗಳೋ. ರೋಗ ಬಂದದ್ದಕ್ಕೆ ದುಃಖಪಡುವುದನ್ನೂ ಮರೆತು ನೋಡಿದ. ಶಾಲಿನಿ ಎರಡು ಸಲ ಕರೆದ ಮೇಲೆ ಎದ್ದ.

ಮನೆಗೆ ಬಂದವನು ಕೈ ಆಡಿಸಿ ಆಡಿಸಿ ಕೆಂಪಾಜಮ್ಮನಿಗೆ ಎಲ್ಲ ಹೇಳಿದ. ಡಾಕ್ಟರು ಬರೆದುಕೊಟ್ಟ ಮಾತ್ರೆ, ಮುಲಾಮು, ಬಟ್ಟೆಯನ್ನು ಬಿಸಿನೀರಲ್ಲಿ ಒಗೆಯುವುದು, ಎಲ್ಲ. ದಾರ ತೆಗೆಯಬೇಕೆಂಬ ಮಾತೊಂದನ್ನು ನುಂಗಿಕೊಂಡ.

"ದಾರದಾಗೂ ಅದೇ ಇತ್ತು ಅಂದ್ರಲ್ಲ, ಅದುಕ್ಕೇನಂದ್ರು?"

ಅವನು ಅಂಗಿ ಕೆಳಗೆಳೆದು ದಾರ ಮುಚ್ಚಿಕೊಂಡ. ಕೆಂಪಾಜಮ್ಮ ಒಳಗಿಂದ ಕತ್ತರಿ ತಂದು, ಅವನು ಬೇಡ ಬೇಡ ಅನ್ನುತ್ತಿರುವಾಗಲೇ ಕಚಕ್ಕನೆ ಕತ್ತರಿಸಿದಳು.

"ನಾನ್ ಸತ್ತೋದಾಗ ಕೀಳಕ್ಕೆ ಬೇಕಾದ್ರೆ ಒಸದೊಂದ್ ಕಟ್ಕೊಳ್ಳಿವ್ರಂತೆ. ಅದುಕ್ ಮುಂಚೆ ನಿಮ್ ತೊಡೆ ಮ್ಯಾಲೆ ಮಗೀನ ನೋಡ್ಬೇಕು ನಾನು."

ಮೂವತ್ತೈದು ವರ್ಷ ಜೊತೆಗೆ ಬಾಳಿದ ಹೆಂಗಸನ್ನು ಜವರಯ್ಯ ಅವತ್ತು ಹೊಸದಾಗಿ ನೋಡಿದ.

ಐದು ವಾರ ಕಳೆದು ಶಾಲಿನಿ ಮತ್ತೆ ಕೆರೆದು ನೋಡಿದಾಗ ಗಾಜಿನಲ್ಲಿ ಬರೀ ಚರ್ಮ. ಅಂದು ನಂದಿತಾ ತಾನಾಗಿಯೇ ಕೂಸನ್ನು ಅಪ್ಪನ ತೊಡೆಗೆ ಹಾಕಿದಳು. ಅದರ ಬೆರಳ ತುದಿಯ ಗೆರೆಗಳನ್ನು ಕಣ್ಣಿನ ಹತ್ತಿರ ಹಿಡಿದು ನೋಡುತ್ತ ಕೂತ ಜವರಯ್ಯ, ಊಟಕ್ಕೆ ಕರೆದರೂ ಏಳಲಿಲ್ಲ.